ಪಕ್ಕದ ಸೈಟಿನ ಧೂಳಿಗೆ ಮೂರು ಸಲ ದೂರು ಕೊಟ್ಟೆ, ಮೂರೂ ಸಲ ಮುಚ್ಚಿಬಿಟ್ರು, ಮುಂದೆ ಏನ್ ಮಾಡ್ಲಿ?

ಮೂರನೇ ಮಹಡಿ ಕಿಟಕಿ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ಪಕ್ಕದಲ್ಲೇ, ನಡುವೆ ಒಂದು ಕಾಂಪೌಂಡ್ ಗೋಡೆ ಬಿಟ್ರೆ ಏನೂ ಇಲ್ಲ, ಹಳೇ ಮನೆ ಒಡೆದು ದೊಡ್ಡ ಬಿಲ್ಡಿಂಗ್ ಕಟ್ತಾ ಇದಾರೆ. ಒಡೆಯೋವಾಗ ಹದಿನೈದು ದಿನ ಹಲ್ಲು ಕಚ್ಚಿಕೊಂಡು ಸುಮ್ನಿದ್ವಿ, ಮುಗಿದ್ಮೇಲೆ ಕಮ್ಮಿ ಆಗತ್ತೆ ಅಂತ. ಆಗ್ಲಿಲ್ಲ. ಈಗ ಮೇಲೆ ಸ್ಲ್ಯಾಬ್ ಕೆಲಸ ನಡೀತಾ ಇರೋವಾಗ್ಲೇ ಕೆಳಗಿನ ಫ್ಲೋರಲ್ಲಿ ಗ್ರಾನೈಟು ಟೈಲ್ಸು ಕಟ್ ಮಾಡೋದು ಶುರು ಮಾಡಿದಾರೆ. ಬೆಳಗ್ಗೆ ಒರೆಸಿದ ಟೇಬಲ್ ಮೇಲೆ ಮಧ್ಯಾಹ್ನದ ಹೊತ್ತಿಗೆ ಬೆರಳಲ್ಲಿ ಅಕ್ಷರ ಬರೀಬಹುದು, ಅಷ್ಟು ಕೂತಿರತ್ತೆ. ಒಣಗೋಕೆ ಹಾಕಿದ ಬಟ್ಟೆ ಕೊಡವಿದ್ರೆ ಬಿಸಿಲಲ್ಲಿ ಪುಡಿ ಹಾರೋದು ಕಾಣತ್ತೆ. ಮೊನ್ನೆ ಮಳೆ ಬಂದ್ಮೇಲೆ ಕಿಟಕಿ ಸ್ಲೈಡಿಂಗ್ ಟ್ರ್ಯಾಕಲ್ಲಿ ಕೂತಿದ್ದ ಧೂಳು ಗಟ್ಟಿಯಾಗಿ ಕಚ್ಕೊಂಡು ಕಿಟಕಿನೇ ಸರೀಲಿಲ್ಲ, ಸ್ಕ್ರೂ ಡ್ರೈವರ್ ಹಾಕಿ ಕೆರೆದು ತೆಗೀಬೇಕಾಯ್ತು.

ಇದೆಲ್ಲಾ ಹೇಗೋ ತಡ್ಕೋಬಹುದು, ಆದ್ರೆ ಅಮ್ಮಂಗೆ ಆಸ್ತಮಾ ಇದೆ. ಮುಂಚೆ ವಾರಕ್ಕೊಂದ್ಸಲ ಇನ್ಹೇಲರ್ ಬೇಕಾಗ್ತಿತ್ತು, ಈಗ ದಿನಾ ಬೇಕು. ರಾತ್ರಿ ಎದ್ದು ಕೂತ್ಕೊಂಡು ಉಸಿರು ಎಳೆಯೋ ಸದ್ದು ಪಕ್ಕದ ರೂಮಿಗೆ ಕೇಳತ್ತೆ.

ಪಾಲಿಕೆ ಆ್ಯಪಲ್ಲಿ ಮೂರು ಸಲ ದೂರು ಹಾಕಿದೀನಿ. ಮೊದಲನೇದು ನಾಲ್ಕೇ ದಿನಕ್ಕೆ "ಪರಿಶೀಲಿಸಲಾಗಿದೆ" ಅಂತ ಕ್ಲೋಸ್. ಎರಡನೇ ಸಲ ಒಬ್ರು ಬಂದ್ರು, ಆದ್ರೆ ಸಂಜೆ ಆರು ಗಂಟೆಗೆ, ಕೆಲಸ ನಿಲ್ಲಿಸಿ ನೀರು ಹೊಡೆದಾದ್ಮೇಲೆ, ಅವರಿಗೆ ಏನೂ ಕಾಣ್ಲಿಲ್ಲ. ಮೂರನೇದು "ನಮ್ಮ ವಿಭಾಗಕ್ಕೆ ಬರೋದಿಲ್ಲ" ಅಂತ ವಾಪಸ್. ಆಮೇಲೆ ಸಾಕ್ಷಿ ಇರ್ಲಿ ಅಂತ ಗಾಳಿ ಅಳೆಯೋ ಒಂದು ಚಿಕ್ಕ ಮೀಟರ್ ತರಿಸಿದೆ, ಅದ್ರಲ್ಲಿ ಪಿಎಂ 2.5 (ಗಾಳಿಯಲ್ಲಿರೋ ಬಹಳ ಸಣ್ಣ ಕಣದ ಲೆಕ್ಕ) ನಲವತ್ತು ಐವತ್ತು ತೋರಿಸತ್ತೆ, ಕಣ್ಣೆದುರು ಬಿಳೀ ಮೋಡ ಎದ್ರೂ ಅರವತ್ತು ದಾಟಲ್ಲ. ಮೀಟರ್ ಕೆಟ್ಟಿದ್ಯಾ? ದೂರು ಯಾರಿಗೆ ಕೊಡಬೇಕು, ಹೇಗೆ ಬರೀಬೇಕು? ಗೊತ್ತಿರೋರು ಹೇಳಿ.

---

ಸೈಟಲ್ಲೇ ಬೆಳೆದವನು

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಸೈಟ್ ಇಂಜಿನಿಯರ್ ಆಗಿ ಕೆಲಸ ಮಾಡಿದೀನಿ, ಆ ಕಡೆಯಿಂದ ಹೇಳ್ತೀನಿ ಕೇಳಿ. ನಿಮ್ಮ ದೂರಲ್ಲಿ ಏನ್ ಬರೆದಿದ್ರಿ? "ಪಕ್ಕದ ಸೈಟಿಂದ ತುಂಬಾ ಧೂಳು, ಕ್ರಮ ತಗೊಳ್ಳಿ" ಅಂತ ಇದ್ರೆ, ಬಂದೋರು ಏನನ್ನ ಪರಿಶೀಲನೆ ಮಾಡಬೇಕು ಹೇಳಿ. ಸೈಟ್ ಅಂದ್ಮೇಲೆ ಧೂಳು ಇದ್ದೇ ಇರತ್ತೆ ಅಂತ ಮೇಸ್ತ್ರಿ ಹೇಳ್ತಾನೆ, ಅವರೂ ಹೌದು ಅಂತಾರೆ, ಫೈಲ್ ಮುಚ್ಚತ್ತೆ.

ಧೂಳಿನ ಮೇಲೆ ದೂರು ಕೊಡಬೇಡಿ, ಧೂಳು ಎಬ್ಬಿಸೋ ಕೆಲಸದ ಮೇಲೆ ಕೊಡಿ. ಯಾವ ಕೆಲಸ, ಎಷ್ಟು ಗಂಟೆಗೆ, ಎಲ್ಲಿ ನಿಂತು ಮಾಡ್ತಾರೆ, ಏನು ಮಾಡಿದ್ರೆ ನಿಲ್ಲತ್ತೆ. ಇಷ್ಟು ಬರೆದ್ರೆ ಬಂದೋರು ಹೌದು ಇಲ್ಲ ಅಂತ ಹೇಳ್ಲೇಬೇಕಾಗತ್ತೆ.

ನೀವು ಹೇಳಿದ್ರಲ್ಲಿ ನಂಗೆ ಜಾಸ್ತಿ ಭಯ ಆಗೋದು ಆ ಗ್ರಾನೈಟ್ ಕಟಿಂಗೇ. ಬ್ಲೇಡಿಗೆ ನೀರು ಬಿಡದೆ ಒಣಗ್ಲೇ ಕಟ್ ಮಾಡ್ತಾ ಇದಾರೆ ಅಂತ ಕಾಣತ್ತೆ, ಬಿಳೀ ಮೋಡ ಅಂದ್ರಲ್ಲ, ಅದು ಅದೇ. ಬ್ಲೇಡ್ ಕಲ್ಲು ಮುಟ್ಟೋ ಜಾಗಕ್ಕೆ ಸಣ್ಣಗೆ ನೀರು ಬೀಳ್ತಾ ಇದ್ರೆ ಪುಡಿ ಹುಟ್ಟಿದ ಕಡೆನೇ ಕೆಸರಾಗಿ ಕೆಳಗೆ ಬೀಳತ್ತೆ, ಹಾರೋಕೆ ಅವಕಾಶನೇ ಇಲ್ಲ. ಅದಕ್ಕೇ ಬೇರೆ ಕಟರ್ ಬರತ್ತೆ, ಇಲ್ಲಾಂದ್ರೆ ಧೂಳು ಎಳೆಯೋ ವ್ಯಾಕ್ಯೂಮ್ ಸಿಗಿಸೋ ಕವರ್ ಬರತ್ತೆ. ಯಾಕೆ ಮಾಡಲ್ಲ ಅಂದ್ರೆ, ನೀರು ಬಿಟ್ರೆ ಮಾರ್ಕ್ ಮಾಡಿದ ಗೆರೆ ಅಳಿಸತ್ತೆ, ನೆಲ ಕೆಸರಾಗತ್ತೆ, ಕೆಲಸ ನಿಧಾನ. ಅಷ್ಟೇ ಕಾರಣ.

ಮಿಕ್ಕಿದ್ದೂ ಗಮನಿಸಿ. ಮರಳು, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸೋ ಮರಳು) ಗುಡ್ಡೆ ಮುಚ್ಚಿದಾರಾ ಇಲ್ವಾ, ಎಂ ಸ್ಯಾಂಡಲ್ಲಿ ಕಲ್ಲಿನ ನುಣ್ಣನೆ ಪುಡಿ ಇರತ್ತೆ, ಒಣಗಿ ಗಾಳಿ ಬಂದ್ರೆ ಮೊದ್ಲು ಹಾರೋದೇ ಅದು. ಮೇಲಿನ ಫ್ಲೋರಿಂದ ಡೆಬ್ರಿ ಸುಮ್ನೆ ಕೆಳಗೆ ಸುರೀತಾರಾ, ಎತ್ತರದಿಂದ ಬಿದ್ದಷ್ಟೂ ಧೂಳು ಜಾಸ್ತಿ, ಪೈಪಿನ ತರ ಮುಚ್ಚಿದ ಜಾರುದಾರಿ ಕಟ್ಟಿ ಇಳಿಸಬೇಕು. ಲಾರಿ ಚಕ್ರಕ್ಕೆ ಅಂಟಿದ ಮಣ್ಣು ರಸ್ತೆಗೆ ಬಂದಿದ್ಯಾ ನೋಡಿ. ಇದನ್ನ ಜನ ಗಮನಿಸೋದೇ ಇಲ್ಲ, ಸೈಟ್ ಒಳಗೆ ಕೆಲಸ ನಿಂತ್ರೂ ರಸ್ತೆ ಮೇಲಿನ ಆ ಮಣ್ಣು ಒಣಗಿ, ಹೋಗೋ ಬರೋ ಪ್ರತಿ ಗಾಡಿನೂ ಅದನ್ನ ಅರೆದು ಅರೆದು ಮತ್ತೆ ಮತ್ತೆ ಎಬ್ಬಿಸತ್ತೆ, ರಾತ್ರಿ ಪೂರ್ತಿ. ಗೇಟಿನ ಹತ್ರ ಚಕ್ರ ತೊಳೆಯೋ ವ್ಯವಸ್ಥೆ ಇರಬೇಕು, ದಿನಾ ರಸ್ತೆ ಒದ್ದೆ ಮಾಡಿ ಗುಡಿಸಬೇಕು, ಒಣಗ್ಲೇ ಗುಡಿಸಿದ್ರೆ ಗುಡಿಸೋದೇ ಇನ್ನೊಂದು ಧೂಳಿನ ಕೆಲಸ ಆಗತ್ತೆ.

ಹಸಿರು ನೆಟ್ ಕಟ್ಟಿದಾರೆ ಅಂತ ತೋರಿಸಿ ತಪ್ಪಿಸ್ಕೋತಾರೆ, ಅದಕ್ಕೆ ಮರುಳಾಗಬೇಡಿ. ನೆಟ್ ಗಾಳಿ ವೇಗ ಸ್ವಲ್ಪ ತಗ್ಗಿಸತ್ತೆ, ದಪ್ಪ ಪುಡಿ ತಡೆಯತ್ತೆ, ನುಣ್ಣನೆ ಧೂಳು ಅದ್ರ ಕಣ್ಣಲ್ಲಿ ಆರಾಮಾಗಿ ದಾಟತ್ತೆ. ಹಾಗೇ "ದಿನಾ ನೀರು ಹೊಡೀತೀವಿ" ಅನ್ನೋದು. ಒಳ್ಳೆ ಬಿಸಿಲಲ್ಲಿ ಹೊಡೆದ ನೀರು ಒಂದೆರಡು ಗಂಟೆಗೆ ಆರಿ ಹೋಗತ್ತೆ. ಬೆಳಗ್ಗೆ ಒಂದ್ಸಲ ಹೊಡೆದ್ರೆ ಮಧ್ಯಾಹ್ನಕ್ಕೆ ಏನೂ ಉಪಯೋಗ ಇಲ್ಲ.

ಇನ್ನೊಂದು ವಿಷಯ, ಮುಂದೆ ಓದೋರಿಗೆ ಉಪಯೋಗ ಆಗ್ಲಿ. ಹಳೇ ಕಟ್ಟಡ ಒಡೆಯೋವಾಗ ಸುಮ್ನೆ ಇರಬೇಡಿ. ಹಳೇ ಸಿಮೆಂಟ್ ಶೀಟಲ್ಲಿ ಆಸ್ಬೆಸ್ಟಾಸ್ ಇರಬಹುದು, ಹಳೇ ಪೇಂಟಲ್ಲಿ ಸೀಸ ಇರಬಹುದು, ಎರಡೂ ಪುಡಿಯಾಗಿ ಉಸಿರಲ್ಲಿ ಹೋದ್ರೆ ಅಪಾಯ. ಶೀಟನ್ನ ಒಡೀಬಾರದು, ಒದ್ದೆ ಮಾಡಿ ಇಡಿಯಾಗಿ ಬಿಚ್ಚಿ ಇಳಿಸಬೇಕು. ಅದನ್ನ ಕೆಲಸ ಶುರು ಆಗೋಕೆ ಮುಂಚೆನೇ ಕೇಳಬೇಕು, ಒಡೆದು ಪುಡಿ ಆದ್ಮೇಲೆ ಯಾರು ಬಂದು ಏನ್ ಮಾಡೋಕಾಗತ್ತೆ.

---

ಹಳೇ ಟಪಾಲು

ಮೇಲಿನವರು ಹೇಳಿದ್ದು ನೂರಕ್ಕೆ ನೂರು. ನಾನು ಒಂದು ನಗರಾಡಳಿತ ಕಚೇರಿಯಲ್ಲಿ ದೂರುಗಳನ್ನ ವಿಭಾಗವಾರು ಹಂಚೋ ಟೇಬಲ್ ಮೇಲೆ ಕೆಲಸ ಮಾಡಿದ್ದೆ, ಒಳಗೆ ಹೇಗೆ ನಡೆಯತ್ತೆ ಅಂತ ಹೇಳ್ತೀನಿ.

ನಿಮ್ಮ ಕಣ್ಣಿಗೆ ಇದು ಒಂದೇ ಸಮಸ್ಯೆ. ಕಚೇರಿ ಕಣ್ಣಿಗೆ ಮೂರೋ ನಾಲ್ಕೋ. ಕಟ್ಟಡ ಪರವಾನಗಿ ಕೊಟ್ಟ ವಿಭಾಗ ಬೇರೆ, ರಸ್ತೆ ಮೇಲೆ ಮಣ್ಣು ಬಿದ್ರೆ ನೋಡೋರು ಬೇರೆ, ಡೆಬ್ರಿ ಎತ್ತಿಸೋರು ಬೇರೆ, ಗಾಳಿ ಮಾಲಿನ್ಯ ಅಂದ್ರೆ ಬಹಳಷ್ಟು ಕಡೆ ಪಾಲಿಕೆನೇ ಅಲ್ಲ, ಬೇರೇನೇ ಇಲಾಖೆ. ಒಂದೇ ದೂರಲ್ಲಿ ಎಲ್ಲಾ ತುಂಬಿಸಿದ್ರೆ ಅದು ಯಾವುದೋ ಒಂದು ಟೇಬಲ್ಲಿಗೆ ಹೋಗತ್ತೆ, ಆ ಟೇಬಲಿನವರು ತಮ್ಮದಲ್ಲದ ಸಾಲು ನೋಡಿ "ನಮ್ಮ ವಿಭಾಗಕ್ಕೆ ಬರೋದಿಲ್ಲ" ಅಂತ ಪೂರ್ತಿ ವಾಪಸ್ ಕಳಿಸ್ತಾರೆ. ನಿಮ್ಮ ಮೂರನೇ ದೂರಿಗೆ ಆಗಿರೋದು ಇದೇ ಅಂತ ನನ್ನ ಅನಿಸಿಕೆ. ಹಾಗಾಗಿ ಒಂದು ದೂರಿಗೆ ಒಂದು ವಿಷಯ. ರಸ್ತೆ ಮಣ್ಣಿಗೆ ಒಂದು, ಒಣ ಕಟಿಂಗಿಗೆ ಒಂದು. ಎರಡರಲ್ಲೂ ಇನ್ನೊಂದರ ನಂಬರ್ ನಮೂದಿಸಿ.

ಸೈಟ್ ಮುಂದೆ ಬೋರ್ಡ್ ಇದ್ರೆ ಪರವಾನಗಿ ನಂಬರ್, ಕಟ್ಟೋರ ಹೆಸರು ಇರತ್ತೆ, ಅದರ ಫೋಟೋ ಮೊದಲು ತೆಗೀರಿ. ಪರವಾನಗಿ ಕೊಡೋವಾಗ ಷರತ್ತು ಹಾಕಿರ್ತಾರೆ, ಆ ಷರತ್ತಿನ ಪ್ರತಿ ಕೇಳಿ ಅರ್ಜಿ ಹಾಕಿ. ಧೂಳಿನ ಬಗ್ಗೆ ಅದರಲ್ಲಿ ಒಂದು ಸಾಲು ಇದ್ರೂ ಸಾಕು, ಆಮೇಲೆ ನೀವು ತೊಂದರೆ ಆಗ್ತಿದೆ ಅಂತ ಬೇಡ್ಕೋತಾ ಇಲ್ಲ, ಷರತ್ತು ಮುರೀತಿದಾರೆ ಅಂತ ತಿಳಿಸ್ತಾ ಇದೀರಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ, ಕಚೇರಿಯಲ್ಲಿ ಕೂತೋರಿಗೆ ಅದು ಚೆನ್ನಾಗಿ ಗೊತ್ತು.

ಬರೆಯೋ ರೀತಿ ಸುಮಾರು ಹೀಗಿರ್ಲಿ:

"ಇಂಥ ವಿಳಾಸದ, ಇಂಥ ಪರವಾನಗಿ ಸಂಖ್ಯೆಯ ಕಟ್ಟಡದ ನೆಲಮಹಡಿಯಲ್ಲಿ, ಪೂರ್ವ ಬದಿಯ ಕಾಂಪೌಂಡಿಗೆ ತಾಗಿ, ಪ್ರತಿದಿನ ಬೆಳಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಗ್ರಾನೈಟ್ ಕಲ್ಲನ್ನು ನೀರು ಬಳಸದೆ ಕತ್ತರಿಸಲಾಗುತ್ತಿದೆ. ಧೂಳು ನೇರವಾಗಿ ಪಕ್ಕದ ಮನೆಗಳ ಕಿಟಕಿಗಳಿಗೆ ಬರುತ್ತಿದೆ. ಐದು ದಿನಗಳ ವಿಡಿಯೊ ಲಗತ್ತಿಸಿದೆ. ದಯವಿಟ್ಟು ಈ ಸಮಯದಲ್ಲಿಯೇ ಸ್ಥಳ ಪರಿಶೀಲಿಸಿ, ನೀರು ಬಳಸಿ ಕತ್ತರಿಸುವಂತೆ ಲಿಖಿತ ಸೂಚನೆ ನೀಡಿ, ಪರಿಶೀಲನಾ ವರದಿಯ ಪ್ರತಿಯನ್ನು ನನಗೆ ಕೊಡಬೇಕಾಗಿ ಕೋರಿಕೆ."

"ಈ ಸಮಯದಲ್ಲಿಯೇ" ಅನ್ನೋ ಪದ ಬಿಡಬೇಡಿ. ವರದಿ ಕೇಳೋದನ್ನೂ ಬಿಡಬೇಡಿ, "ಪರಿಶೀಲಿಸಲಾಗಿದೆ" ಅಂತ ಒಂದು ಪದದಲ್ಲಿ ಮುಚ್ಚೋದು ಸುಲಭ, ಯಾವ ದಿನ, ಎಷ್ಟು ಗಂಟೆಗೆ, ಯಾರು ಹೋಗಿದ್ರು, ಏನು ಕಂಡ್ರು ಅಂತ ಬರೀಬೇಕಾದಾಗ ಹೋಗ್ಲೇಬೇಕಾಗತ್ತೆ. ಮುಚ್ಚಿದ್ರೆ ಹೊಸ ದೂರು ಹಾಕಬೇಡಿ, ಹಳೇದನ್ನೇ ರೀಓಪನ್ ಮಾಡಿ ಇಲ್ಲಾ ಅದೇ ನಂಬರ್ ಹಿಡ್ಕೊಂಡು ಮೇಲಿನ ಅಧಿಕಾರಿಗೆ ಬರೀರಿ. ಹೊಸದು ಹಾಕಿದ್ರೆ ಹಳೇದು "ಬಗೆಹರಿದಿದೆ" ಲೆಕ್ಕಕ್ಕೆ ಸೇರ್ಕೊಂಡುಬಿಡತ್ತೆ.

ಆ್ಯಪ್ ಜೊತೆಗೆ ಕಾಗದದ ಮೇಲೂ ಒಂದು ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಅಕ್ಕಪಕ್ಕದೋರ ಸಹಿ ಇದ್ರೆ ಇನ್ನೂ ಒಳ್ಳೇದು, ಆದ್ರೆ ಬರೀ ಸಹಿ ಅಲ್ಲ, ಪ್ರತಿ ಸಹಿ ಮುಂದೆ ಮನೆ ನಂಬರ್, ಮನೇಲಿ ಮಕ್ಕಳು ವಯಸ್ಸಾದೋರು ಇದ್ರೆ ಅದು.

---

ಬಿಸಿಲಿಗೆ ಕಂಡ ಧೂಳು

ವಿಡಿಯೊ ಬಗ್ಗೆ ಒಂದು ಮಾತು. ಎಲ್ರೂ ಸೂರ್ಯನ ಬೆಳಕು ಬೆನ್ನಿಗೆ ಇಟ್ಕೊಂಡು ತೆಗೀತಾರೆ, ಧೂಳು ಕಾಣೋದೇ ಇಲ್ಲ. ಬೆಳಕು ಧೂಳಿನ ಆಚೆ ಕಡೆಯಿಂದ ಬರೋ ಹಾಗೆ ನಿಂತ್ಕೊಳ್ಳಿ, ಹಿಂದೆ ಕಪ್ಪು ಬಣ್ಣದ ಗೋಡೆನೋ ನೆರಳೋ ಇರ್ಲಿ, ಆಗ ಒಂದೊಂದು ಕಣನೂ ಹೊಳೀತಾ ಕಾಣತ್ತೆ. ಮೊದ್ಲು ಮಷೀನು, ಅಲ್ಲಿಂದ ಕ್ಯಾಮೆರಾ ನಿಧಾನಕ್ಕೆ ತಿರುಗಿಸಿ ನಿಮ್ಮ ಕಿಟಕಿವರೆಗೆ, ಮಧ್ಯ ಕಟ್ ಮಾಡದೆ ಒಂದೇ ಸಲ. ಕೆಲಸದೋರ ಮುಖ ಬರೋ ಹಾಗೆ ತೆಗೀಬೇಡಿ, ಅವರಿಗೆ ಯಾಕೆ ತೊಂದರೆ.

---

ಶ್ವಾಸಕೋಶ ವಾರ್ಡು

ನಾನು ನರ್ಸ್, ಉಸಿರಾಟದ ತೊಂದರೆ ಇರೋರ ವಾರ್ಡಲ್ಲೇ ಕೆಲಸ. ನಿಮ್ಮ ಮೀಟರ್ ಕೆಟ್ಟಿಲ್ಲ ಅಂತ ಅನ್ಸತ್ತೆ. ಈ ಚಿಕ್ಕ ಮೀಟರ್‌ಗಳು ಒಂದು ಲೇಸರ್ ಬೆಳಕಿನ ಮುಂದೆ ಹಾದು ಹೋಗೋ ಕಣಗಳು ಚೆದುರಿಸೋ ಬೆಳಕನ್ನ ನೋಡಿ ಲೆಕ್ಕ ಹಾಕತ್ತೆ, ಹೊಗೆಯಂಥ ಸಣ್ಣ ಕಣಕ್ಕೆ ಚೆನ್ನಾಗಿ ಕೆಲಸ ಮಾಡತ್ತೆ, ಕಟ್ಟಡದ ಧೂಳಲ್ಲಿ ಹೆಚ್ಚಿನ ಪಾಲು ದಪ್ಪ ಕಣ, ಅದನ್ನ ಇವು ಸರಿಯಾಗಿ ಹಿಡಿಯಲ್ಲ. ಪಿಎಂ 10 ಅಂತ ತೋರಿಸೋ ಸಂಖ್ಯೆನೂ ನಂಬೋ ಹಾಗಿಲ್ಲ, ನಿಜಕ್ಕಿಂತ ಕಮ್ಮಿ ಬರತ್ತೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಉಲ್ಟಾ, ಇಲ್ಲದ್ದನ್ನ ಜಾಸ್ತಿ ತೋರಿಸತ್ತೆ. ಹಾಗಾಗಿ ದೂರಲ್ಲಿ ಮೀಟರ್ ಸಂಖ್ಯೆನ ಮುಖ್ಯ ಸಾಕ್ಷಿ ಮಾಡ್ಬೇಡಿ, "ನೋಡಿ ಅರವತ್ತೂ ದಾಟಿಲ್ಲ" ಅಂತ ಅದನ್ನೇ ನಿಮ್ಮ ಮೇಲೆ ತಿರುಗಿಸ್ತಾರೆ. ಹಾಗಂತ ನಲವತ್ತು ಐವತ್ತು ಕಮ್ಮಿನೂ ಅಲ್ಲ ಅನ್ನೋದು ಗೊತ್ತಿರ್ಲಿ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ಗೆ ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ, ಪಿಎಂ 10ಗೆ 45 ಅಂತ ಮಾರ್ಗಸೂಚಿ ಇಟ್ಟಿದೆ.

ಪಿಎಂ 2.5 ಅಂದ್ರೆ 2.5 ಮೈಕ್ರಾನ್‌ವರೆಗಿನ ಕಣ, ಪಿಎಂ 10 ಅಂದ್ರೆ 10 ಮೈಕ್ರಾನ್‌ವರೆಗಿನದು, ಹೋಲಿಸಿ ನೋಡೋಕೆ ತಲೆಕೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ. ನಿಮ್ಮ ಟೇಬಲ್ ಮೇಲೆ ಕಾಣೋದ್ರಲ್ಲಿ ದಪ್ಪ ಪುಡಿನೇ ಜಾಸ್ತಿ, ಅದು ಮೂಗು ಗಂಟಲಲ್ಲೇ ನಿಲ್ಲತ್ತೆ, ಕೆಮ್ಮು ಬರಿಸತ್ತೆ, ಆಸ್ತಮಾ ಇರೋರಿಗೆ ಕೆರಳಿಸತ್ತೆ. ಕಣ್ಣಿಗೆ ಕಾಣದಷ್ಟು ನುಣ್ಣನೇದು ಶ್ವಾಸಕೋಶದ ತುದಿಯ ಗಾಳಿಗೂಡಿನವರೆಗೂ ಇಳಿಯತ್ತೆ. ಗ್ರಾನೈಟು, ಕಾಂಕ್ರೀಟು, ಮರಳು ಎಲ್ಲದರಲ್ಲೂ ಕ್ವಾರ್ಟ್ಜ್ ಇದೆ, ಅಂದ್ರೆ ಸಿಲಿಕಾ. ಉಸಿರಲ್ಲಿ ಒಳಗೆ ಹೋಗೋ ಸಿಲಿಕಾ ಧೂಳು ಕ್ಯಾನ್ಸರ್ ತರತ್ತೆ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ಅಡುಗೆಮನೆ ಕಟ್ಟೆಗೆ ಹಾಕೋ ಕೃತಕ ಕಲ್ಲಲ್ಲಂತೂ ನೂರಕ್ಕೆ ತೊಂಬತ್ತು ದಾಟಿ ಸಿಲಿಕಾ ಇರಬಹುದು, ಅದನ್ನ ಕತ್ತರಿಸೋ ಕೆಲಸಗಾರರು ಚಿಕ್ಕ ವಯಸ್ಸಲ್ಲೇ ಕಾಯಿಲೆ ಬಿದ್ದಿದ್ದಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧ ಮಾಡ್ತು. ಹೆದರಿಸೋಕೆ ಹೇಳ್ತಿಲ್ಲ. ವರ್ಷಗಟ್ಟಲೆ ಹತ್ರದಿಂದ ಈ ಧೂಳು ಉಸಿರಾಡೋರಿಗೆ ಇರೋ ಅಪಾಯ ಪಕ್ಕದ ಮನೆಯೋರಿಗೆ ಅಷ್ಟೇ ಇರಲ್ಲ, ಆದ್ರೆ ಒಣ ಕಟಿಂಗ್ ಅನ್ನೋದು ಹಗುರವಾಗಿ ಬಿಡೋ ವಿಷಯ ಅಲ್ಲ.

ಅಮ್ಮಂಗೆ ಈಗ ಮಾಡಬೇಕಾದ್ದು. ಕಟಿಂಗ್ ಸಮಯಕ್ಕೆ ಆ ಬದಿಯ ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ಇಡಿ. ಪೊರಕೆ ಬಿಟ್ಟುಬಿಡಿ, ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಿ. ಅವರು ಮಲಗೋ ರೂಮು ಆ ಬದಿಗಿದ್ರೆ ಬದಲಾಯಿಸಿ. ದಿನಾ ಇನ್ಹೇಲರ್ ಬೇಕಾಗ್ತಿದೆ, ರಾತ್ರಿ ಎಚ್ಚರ ಆಗ್ತಿದೆ ಅಂದ್ರೆ ಆಸ್ತಮಾ ಹಿಡಿತದಲ್ಲಿಲ್ಲ ಅಂತ ಅರ್ಥ, ಸೈಟ್ ಕೆಲಸ ಮುಗೀಲಿ ಅಂತ ಕಾಯಬೇಡಿ, ಈ ವಾರನೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಹಾಗೇ ಅವರ ಹತ್ರ ಎರಡು ಸಾಲು ಬರೆಸ್ಕೊಳ್ಳಿ, ಇಂಥ ದಿನದಿಂದ ಉಲ್ಬಣ ಆಗಿದೆ ಅಂತ. ದೂರಿನ ಜೊತೆ ಆ ಚೀಟಿ ಇಡಿ.

---

ಕಲ್ಲುಕುಟಿಕರ ಮಗಳು

ನಾನು ಹೇಳೋದು ಬೇರೆ ವಿಷಯ ಅನ್ಸಬಹುದು, ಆದ್ರೂ ಹೇಳ್ಲೇಬೇಕು.

ನಮ್ಮಪ್ಪ ಕಲ್ಲು ಕೆಲಸ ಮಾಡ್ತಿದ್ರು. ಸಂಜೆ ಮನೆಗೆ ಬಂದ್ರೆ ಹುಬ್ಬು, ರೆಪ್ಪೆ ಎಲ್ಲಾ ಬೆಳ್ಳಗೆ, ಹೊಸ್ತಿಲ ಆಚೆನೇ ನಿಂತು ಟವಲ್ ಕೊಡವಿ ಆಮೇಲೆ ಒಳಗೆ ಬರೋರು, ನಮಗೆ ಧೂಳು ಆಗಬಾರದು ಅಂತ. ಮುಖಕ್ಕೆ ಕಟ್ಕೋತಿದ್ದಿದ್ದೂ ಅದೇ ಟವಲ್. ಬಟ್ಟೆ ಅಷ್ಟು ನುಣ್ಣನೆ ಪುಡಿ ತಡೆಯಲ್ಲ ಅಂತ ಅವರಿಗೆ ಯಾರೂ ಹೇಳಿರ್ಲಿಲ್ಲ. ಸಿಲಿಕೋಸಿಸ್, ಅಂದ್ರೆ ಸಿಲಿಕಾ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ ಅಂತ ಗೊತ್ತಾಗೋ ಹೊತ್ತಿಗೆ ನಾಲ್ಕು ಮೆಟ್ಟಿಲು ಹತ್ತೋಕೂ ಆಗ್ತಿರ್ಲಿಲ್ಲ. ಅದಕ್ಕೆ ವಾಸಿ ಮಾಡೋ ಔಷಧಿ ಇಲ್ಲ, ಶ್ವಾಸಕೋಶದಲ್ಲಿ ಆದ ಗಾಯದ ಕಲೆ ಹಾಗೇ ಉಳಿಯತ್ತೆ.

ಆ ಸೈಟಲ್ಲಿ ಕಟರ್ ಹಿಡ್ಕೊಂಡು ಕೂತಿರೋ ಹುಡುಗನ ಮೂಗಿಗೂ ಬ್ಲೇಡಿಗೂ ಒಂದೂವರೆ ಅಡಿ ದೂರ ಇರಬಹುದು. ನಿಮ್ಮ ದೂರಲ್ಲಿ ಅವನನ್ನೂ ಸೇರಿಸಿ. "ಕೆಲಸಗಾರರಿಗೆ ಸರಿಯಾದ ಮಾಸ್ಕ್ ಇಲ್ಲ" ಅಂತ ಒಂದು ಸಾಲು ಬರೆದು ಕಾರ್ಮಿಕ ಇಲಾಖೆಗೂ ಒಂದು ಪ್ರತಿ ಕಳಿಸಿ. ಎನ್95 ಮಾಸ್ಕ್ ಇದ್ರೆ ಅಂಥ ನುಣ್ಣನೆ ಕಣಗಳಲ್ಲಿ ನೂರಕ್ಕೆ 95 ತಡೆಯತ್ತೆ, ಮುಖಕ್ಕೆ ಸರಿಯಾಗಿ ಕೂತಿದ್ರೆ ಮಾತ್ರ. ಮಾಸ್ಕ್ ಇದ್ರೂ ನೀರು ಬಿಡ್ಲೇಬೇಕು. ನೀರು ಬಿಟ್ರೆ ಅವನಿಗೂ ಒಳ್ಳೇದು, ನಿಮ್ಮಮ್ಮಂಗೂ ಒಳ್ಳೇದು, ಎರಡೂ ಒಂದೇ ಬೇಡಿಕೆ ಅಲ್ವಾ.

ದೂರು ಕೊಡೋಕೆ ಮುಂಚೆ ಒಂದ್ಸಲ ಹೋಗಿ ಮಾತಾಡಿ ನೋಡಿ ಅಂತಾನೂ ಹೇಳ್ತೀನಿ. ಗೇಟಲ್ಲಿ ನಿಂತು ಕೂಗಾಡಬೇಡಿ, ಆ ಹುಡುಗನ ಮೇಲಂತೂ ಬೇಡ, ಅವನು ಹೇಳಿದ್ದು ಮಾಡ್ತಾನೆ ಅಷ್ಟೇ. ಸೂಪರ್‌ವೈಸರ್ ಯಾರು ಅಂತ ಕೇಳಿ, ಅವರ ಹತ್ರ ಮಾತಾಡಿ.

---

ಸೈಟಲ್ಲೇ ಬೆಳೆದವನು

ಮೇಡಂ ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಸೈಟಲ್ಲೂ ಮೊದಮೊದಲು ಒಣಗ್ಲೇ ಕಟ್ ಮಾಡಿಸಿದೀವಿ. ಮಾಡಿಸಬಾರದಿತ್ತು.

---

ಮೂರನೇ ಮಹಡಿ ಕಿಟಕಿ

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಮೊದ್ಲು ಹೋಗಿ ಸೂಪರ್‌ವೈಸರ್ ಹತ್ರ ಮಾತಾಡಿದೆ. ಮಾಡ್ತೀವಿ ಸರ್ ಅಂದ್ರು, ಎರಡು ದಿನ ನೀರು ಹೊಡೆದ್ರು, ಮೂರನೇ ದಿನ ಮತ್ತೆ ಅದೇ. ಹೋದ ತಾರೀಖು, ಮಾತಾಡಿದ್ದು ಬರೆದಿಟ್ಕೊಂಡೆ. ಆಮೇಲೆ ಐದು ದಿನ ಒಂದು ನೋಟ್‌ಬುಕ್ಕಲ್ಲಿ ಸಮಯ ಬರೆದೆ, ಕಟಿಂಗ್ ಯಾವಾಗ ಶುರು, ಯಾವಾಗ ನಿಂತ್ತು, ಗಾಳಿ ಯಾವ ಕಡೆಗೆ, ಅಮ್ಮ ಇನ್ಹೇಲರ್ ಯಾವಾಗ ತಗೊಂಡ್ರು. ಬರೆದು ನೋಡಿದಾಗ ನಮಗೇ ಗೊತ್ತಿಲ್ಲದ ಒಂದು ವಿಷಯ ಕಾಣ್ತು, ಭಾನುವಾರ ಕಟಿಂಗ್ ಇಲ್ಲ, ಆದ್ರೂ ಅಮ್ಮಂಗೆ ಸಂಜೆ ಕೆಮ್ಮು. ಹೋಗಿ ನೋಡಿದ್ರೆ ರಸ್ತೆ ಮಣ್ಣು, ನೀವು ಹೇಳಿದ ಹಾಗೇ, ಸಂಜೆ ಗಾಡಿ ಜಾಸ್ತಿ ಆದಾಗ ಏಳತ್ತೆ.

ಎರಡು ಬೇರೆ ಬೇರೆ ದೂರು ಕೊಟ್ಟೆ, ಕಾಗದದ ಮೇಲೆ, ಏಳು ಮನೆಯೋರ ಸಹಿ, ಡಾಕ್ಟರ್ ಚೀಟಿ, ವಿಡಿಯೊ ಎಲ್ಲಾ ಇಟ್ಟು. ಕಾರ್ಮಿಕ ಇಲಾಖೆಗೂ ಒಂದು. ಒಂಬತ್ತನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಅಧಿಕಾರಿ ಬಂದ್ರು, ಕಟಿಂಗ್ ನಡೀತಾ ಇತ್ತು, ನಮ್ಮ ಕಿಟಕೀಲಿ ಐದು ನಿಮಿಷ ನಿಂತು ನೋಡಿದ್ರು, ಅವರಿಗೇ ಕೆಮ್ಮು ಬಂತು. ಅಲ್ಲೇ ನೋಟೀಸ್ ಬರೆದು ಕೊಟ್ರು. ಈಗ ನೀರು ಬಿಡೋ ಕಟರ್ ಬಂದಿದೆ, ಆ ಹುಡುಗಂಗೆ ಮಾಸ್ಕ್ ಕೊಟ್ಟಿದಾರೆ. ಅಮ್ಮಂದು ಔಷಧಿ ಬದಲಾಯಿಸಿದ್ರು, ರಾತ್ರಿ ನಿದ್ದೆ ಬರ್ತಿದೆ.

ರಸ್ತೆದು ಇನ್ನೂ ಆಗಿಲ್ಲ, "ಪರಿಶೀಲಿಸಲಾಗಿದೆ" ಅಂತ ಮುಚ್ಚಿದ್ರು, ಅದೇ ನಂಬರ್ ಹಿಡ್ಕೊಂಡು ಮೇಲಿನವರಿಗೆ ಬರೆದಿದೀನಿ, ವರದಿ ಪ್ರತಿ ಕೇಳಿದೀನಿ.

ಈಗ ಹೊಸದೊಂದು. ಕಟಿಂಗಿನ ಕೆಸರು ನೀರನ್ನ ಹಾಗೇ ಗೇಟಿಂದ ಆಚೆ ಹರಿಯೋಕೆ ಬಿಡ್ತಿದಾರೆ, ರಸ್ತೆ ಅಂಚಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ ಮಾರನೇ ದಿನಕ್ಕೆ ಒಣಗಿ ಬಿರುಕು ಬಿಡತ್ತೆ, ಕಾಲಿಟ್ರೆ ಹಿಟ್ಟಿನ ತರ ಪುಡಿ. ಇದೂ ಅದೇನಾ?

---

ಸೈಟಲ್ಲೇ ಬೆಳೆದವನು

ಅದೇ ಸರ್. ನೀರಲ್ಲಿ ಹಿಡಿದ ಧೂಳು ಒಣಗಿದ್ರೆ ಮತ್ತೆ ಧೂಳೇ, ಚರಂಡಿಗೆ ಹೋದ್ರೆ ಅಲ್ಲಿ ಕಟ್ಕೊಳತ್ತೆ. ಹಸಿ ಇರೋವಾಗ್ಲೇ ಒಂದು ಗುಂಡೀಲೋ ಡ್ರಮ್ಮಲ್ಲೋ ತುಂಬಿಸಿ, ಕೆಳಗೆ ಕೂರೋಕೆ ಬಿಟ್ಟು, ಮೇಲಿನ ನೀರನ್ನ ಕಟಿಂಗಿಗೇ ವಾಪಸ್ ಬಳಸಬಹುದು, ಕೆಳಗಿನ ಕೆಸರನ್ನ ಚೀಲಕ್ಕೆ ತುಂಬಿ ಡೆಬ್ರಿ ಜೊತೆ ಸಾಗಿಸಬೇಕು. ನಾಳೆ ಬೆಳಗ್ಗೆ ಹಸಿ ಇದ್ದಾಗ ಒಂದು ಫೋಟೋ, ಮಾರನೇ ದಿನ ಒಣಗಿದ್ಮೇಲೆ ಅದೇ ಜಾಗದಲ್ಲಿ ನಿಂತು ಇನ್ನೊಂದು ಫೋಟೋ ತೆಗೆದು, ರಸ್ತೆ ದೂರಿನ ನಂಬರಿಗೇ ಸೇರಿಸಿ ಕಳಿಸಿ.